ಜಿದ್ದಾದಲ್ಲಿ ಅಳತೆ ಕೊಟ್ಟ ಸಂಜೆ

ಬಾಬ್ ಮಕ್ಕಾ ಕಡೆಯಿಂದ ಜಿದ್ದಾದ ಹಳೆಪೇಟೆ ಬಲದ್‌ನೊಳಕ್ಕೆ ಕಾಲಿಟ್ಟಾಗ ಅಸರ್ ನಮಾಜು ಮುಗಿದು ಅರ್ಧ ಗಂಟೆಯಾಗಿತ್ತು. ಖರ್ಜೂರದ ರಾಶಿ, ಏಲಕ್ಕಿ ಮೂಟೆ, ಬಖೂರಿನ ಹೊಗೆ, ತಸ್ಬೀಹ್ ಮಣಿಗಳ ಗೊಂಚಲು, ಮಕ್ಕಳ ಫ್ರಾಕು. ಇವೆಲ್ಲದರ ನಡುವೆ ಒಂದು ಅಗಲ ಮೇಜು, ಅದರ ತುಂಬ ಗುಡ್ಡೆ ಹಾಕಿದ ಬ್ರಾಗಳು. ಮೇಜಿನ ಹಿಂದೆ ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗ. ಮುಂದೆ ಅಬಾಯಾ, ನಿಖಾಬು ತೊಟ್ಟ ಇಬ್ಬರು ಹೆಂಗಸರು. ಅವರ ಕೈಗಳಷ್ಟೇ ಕಾಣುತ್ತಿದ್ದವು. ಆ ಕೈಗಳು ಗುಡ್ಡೆಯೊಳಗೆ ಹೊಕ್ಕು, ಪಟ್ಟಿಯ ಒಳಬದಿಯ ಚೀಟಿ ತಿರುಗಿಸಿ ನಂಬರ್ ನೋಡಿ, ಮೂರು ತುಂಡು ಎತ್ತಿಕೊಂಡವು. ಹುಡುಗ ಎತ್ತಲೋ ನೋಡುತ್ತ ಚೀಲ ಚಾಚಿದ. ದುಡ್ಡು ಕೊಟ್ಟು ಹೊರಟೇಬಿಟ್ಟರು. ಒಂದು ಮಾತಿಲ್ಲ. ಎರಡು ನಿಮಿಷವೂ ಹಿಡಿಯಲಿಲ್ಲ.

ಆ ಅವಸರ ನನಗೆ ಚೆನ್ನಾಗಿ ಗೊತ್ತು. ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮೂವತ್ತು ವರ್ಷ ಅದೇ ಅವಸರದಲ್ಲಿ ನಾನೂ ಒಳಉಡುಪು ಕೊಂಡಿದ್ದೇನೆ. ಅಮ್ಮಿಯ ಕೈ ಹಿಡಿದು ಮೊದಲ ಸಲ ಹೋದಾಗ ನನಗೆ ಹದಿಮೂರು. ಅಂಗಡಿಯವರು ಅಬ್ಬಾನ ವಯಸ್ಸಿನವರು, ಒಳ್ಳೆಯ ಮನುಷ್ಯರು. “ಯಾರಿಗಮ್ಮಾ?” ಎಂದರು. ಅಮ್ಮಿ ಕಣ್ಣಿನಲ್ಲೇ ನನ್ನನ್ನು ತೋರಿಸಿದರು. ಅವರು ತಲೆಯೆತ್ತಿ ಒಮ್ಮೆ ನೋಡಿ, ಒಂದು ಡಬ್ಬಿ ತೆಗೆದು, ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟರು. ಕೆಟ್ಟ ನೋಟವೇನಲ್ಲ ಅದು, ಅಳತೆಯ ನೋಟ. ಆದರೂ ಆವತ್ತು ಮನೆ ಮುಟ್ಟುವವರೆಗೆ ದುಪಟ್ಟಾವನ್ನು ಎಳೆದೆಳೆದು ಹೊದ್ದುಕೊಂಡದ್ದು ಇವತ್ತಿಗೂ ಮರೆತಿಲ್ಲ.

ಉಮ್ರಾ ಮುಗಿಸಿ ಮಕ್ಕಾದಿಂದ ಬಂದು ಆಪಾ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆ. ಆಪಾ ನನ್ನ ದೊಡ್ಡಮ್ಮನ ಮಗಳು. ಮದುವೆಯಾಗಿ 2004ರಲ್ಲಿ ಜಿದ್ದಾಕ್ಕೆ ಬಂದವರು, ಅಂದಿನಿಂದ ಅಜೀಜಿಯಾ ಬಡಾವಣೆಯಲ್ಲೇ ಇದ್ದಾರೆ. ಅವರು ಬಂದ ಹೊಸತರಲ್ಲಿ ಊರಿನಿಂದ ಯಾರೇ ಇತ್ತ ಹೊರಟರೂ ನಮ್ಮ ಮನೆಯಿಂದ ಒಂದು ಪೊಟ್ಟಣ ಹೋಗುತ್ತಿತ್ತು. ಮೇಲೆ ಹುಣಸೆಹಣ್ಣು, ಸಾರಿನ ಪುಡಿ. ತಳದಲ್ಲಿ ಒಂದು ಡಜನ್ ಬ್ರಾ. ಚಿನ್ನದ ಅಂಗಡಿ ಸಾಲುಸಾಲಾಗಿರುವ ಊರಿಗೆ ಶಿವಮೊಗ್ಗದಿಂದ ಒಳಉಡುಪು ಕಳಿಸುವುದೇಕೆ ಎಂದು ನನಗೆ ಆಗ ಅರ್ಥವಾಗಿರಲಿಲ್ಲ. ಈ ಸಲ ಹೊರಡುವ ಮುಂಚೆ ಆಪಾ ಫೋನಿನಲ್ಲಿ ಹೇಳಿದ್ದರು: “ಸಾರಿನ ಪುಡಿ ತಗೊಂಡು ಬಾ. ಅದನ್ನ ಮಾತ್ರ ತರಬೇಡ. ಈಗ ನೀನೇ ಇಲ್ಲಿ ತಗೋಬೇಕು, ನಾನೇ ಕರ್ಕೊಂಡು ಹೋಗ್ತೀನಿ.”

ಆ ಮಾತಿನ ಬೆನ್ನು ಹತ್ತಿ ಹೊರಟದ್ದು ಈ ಸಂಜೆಯ ತಿರುಗಾಟ.

ಬಲದ್‌ನ ಗಲ್ಲಿಗಳಲ್ಲಿ ನಡೆಯುವಾಗ ತಲೆ ಎತ್ತಿ ನೋಡಬೇಕು. ಕೆಂಪು ಸಮುದ್ರದ ಹವಳದ ಕಲ್ಲಿನಿಂದ ಕಟ್ಟಿದ ನಾಲ್ಕೈದು ಅಂತಸ್ತಿನ ಮನೆಗಳು. ಮುಂದಕ್ಕೆ ಚಾಚಿದ ಮರದ ಕಿಟಕಿಗೂಡುಗಳು ಮನೆಯ ಮೈತುಂಬ ಪೆಟ್ಟಿಗೆ ಜೋಡಿಸಿಟ್ಟ ಹಾಗೆ. ಇವಕ್ಕೆ ರೋಶನ್ ಎನ್ನುತ್ತಾರೆ. 2014ರಲ್ಲಿ ಯುನೆಸ್ಕೋ ಈ ಹಳೆಪೇಟೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಈ ಕಿಟಕಿಗಳೂ ಒಂದು ಕಾರಣ. ಒಂದು ರೋಶನ್ ಕೆಳಗೆ ನಿಂತು ನೋಡಿದೆ. ಕಿರುಬೆರಳು ತೂರದಷ್ಟು ಸಣ್ಣ ಕಂಡಿಗಳ ಜಾಲರಿ. ಹಲಗೆಗಳು ಬಿಸಿಲಿಗೆ ಬಣ್ಣ ಹಾರಿ, ಅಂಚಿನಲ್ಲಿ ಮಾತ್ರ ಹಸಿರು ಉಳಿದಿತ್ತು. ಒಳಗೆ ಕೂತ ಹೆಂಗಸಿಗೆ ಗಾಳಿ ಬರುತ್ತದೆ, ಬೀದಿ ಕಾಣುತ್ತದೆ, ಹಾದುಹೋಗುವ ವ್ಯಾಪಾರಿಯ ತಲೆಯ ಮೇಲಿನ ಬುಟ್ಟಿಯೂ ಕಾಣುತ್ತದೆ. ಬೀದಿಯವನಿಗೆ ಅವಳು ಕಾಣುವುದಿಲ್ಲ. ಮರೆ ಬೇಕು, ಆದರೆ ಮರೆಯೊಳಗಿನವಳಿಗೆ ಉಸಿರು ಕಟ್ಟಬಾರದು. ಈ ಊರಿನ ಬಡಗಿಗಳು ಇದನ್ನು ನೂರಾರು ವರ್ಷ ಹಿಂದೆಯೇ ಅರಿತಿದ್ದರು.

ಸ್ವಲ್ಪ ಮುಂದೆ ನಸೀಫ್ ಮನೆ. 1881ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಅಬ್ದುಲ್ ಅಜೀಜ್ ದೊರೆ 1925ರಲ್ಲಿ ಜಿದ್ದಾ ಗೆದ್ದು ಊರೊಳಗೆ ಬಂದಾಗ ತಂಗಿದ್ದು ಇಲ್ಲೇ. ಅದರ ಮುಂದೆ ಒಂದು ಬೇವಿನ ಮರ! ಬಹುಕಾಲದವರೆಗೆ ಜಿದ್ದಾದಲ್ಲಿದ್ದದ್ದು ಇದೊಂದೇ ಮರವಂತೆ. ಊರವರು ಈ ಮನೆಯನ್ನು ‘ಮರ ಇರುವ ಮನೆ’ ಎಂದೇ ಗುರುತು ಹೇಳುತ್ತಿದ್ದರು. ಅದರ ಕೆಳಗೆ ನಿಂತಾಗ ಊರಿನ ಯುಗಾದಿ ನೆನಪಾಗಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ಅದೇ ಕಹಿ.

ಆಪಾ ಅತ್ತರು ಕೊಳ್ಳುವುದು ಅಲ್ಲೇ ಹತ್ತಿರದ ಸಣ್ಣ ಅಂಗಡಿಯಲ್ಲಿ. ಕೌಂಟರಿನಲ್ಲಿದ್ದ ಹಿರಿಯರು ಭಟ್ಕಳದವರು. ಭಟ್ಕಳದ ನವಾಯತರಿಗೆ ಜಿದ್ದಾ ಹೊಸ ಊರಲ್ಲ. ಒಂದೊಂದು ಮನೆಯ ಎರಡು ಮೂರು ತಲೆಮಾರು ಇಲ್ಲಿ ದುಡಿದಿದೆ. ನಾನು ಕರ್ನಾಟಕದವಳು ಎಂದು ತಿಳಿದದ್ದೇ ಚಹಾ ತರಿಸಿ ಕನ್ನಡದಲ್ಲಿ ಮಾತಿಗೆ ಶುರುವಿಟ್ಟರು. ನಾವು ಎಲ್ಲಿಗೆ ಹೊರಟಿದ್ದೇವೆ ಎಂದು ಹೇಳಲು ನನಗೆ ಹಿಂಜರಿಕೆ. ಆಪಾನೇ ಹೇಳಿದರು. ಚಾಚಾ ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತ ಕೂತು, “ನಾನೂ ಹನ್ನೊಂದು ವರ್ಷ ಅದೇ ಮಾರಿದವನು, ಮಗಳೇ” ಎಂದರು.

2011ರ ಕೊನೆಯವರೆಗೆ ಅವರು ಒಂದು ಮಾಲ್‌ನ ಹೆಂಗಸರ ಒಳಉಡುಪಿನ ಅಂಗಡಿಯಲ್ಲಿ ಸೇಲ್ಸ್‌ಮನ್. ಆ ಕಾಲದಲ್ಲಿ ಇಡೀ ಸೌದಿಯಲ್ಲಿ ಆ ಕೆಲಸ ಬಹುತೇಕ ಗಂಡಸರದೇ. ಅದರಲ್ಲೂ ಹೆಚ್ಚಿನವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಲೆಬನಾನ್, ಈಜಿಪ್ಟ್ ಕಡೆಯಿಂದ ಬಂದವರು. “ನಮ್ಮ ಮನೇಲಿ ಅಕ್ಕತಂಗೀರ ಬಟ್ಟೆ ಒಣಗಿಸೋದೂ ಟವಲ್ ಅಡಿಯಲ್ಲಿ. ಇಲ್ಲಿ ಬಂದು ಮೊದಲ ವಾರ ಆ ಗೊಂಬೆಗೆ ಬಟ್ಟೆ ಹಾಕುವಾಗ ಕೈ ನಡುಗ್ತಿತ್ತು. ಕೆಲಸ, ಏನು ಮಾಡೋದು? ಗಿರಾಕಿ ಬರ್ತಾರೆ, ಪೂರ್ತಿ ಅಬಾಯಾ. ಅಳತೆ ಕೇಳಿದರೆ ತಪ್ಪು, ನೋಡಿದರೆ ಇನ್ನೂ ತಪ್ಪು. ಕೆಲವರು ಚೀಟೀಲಿ ನಂಬರ್ ಬರ್ಕೊಂಡು ಬರೋರು. ಕೆಲವರು ಗಂಡನ ಕೈಲಿ ಹೇಳಿಸೋರು. ಅವನಿಗೂ ನಂಬರ್ ಗೊತ್ತಿರಲ್ಲ. ಎರಡು ಕೈ ಅಗಲಿಸಿ ಇಷ್ಟು ಅಂತ ತೋರಿಸೋನು. ಪಕ್ಕದಲ್ಲಿ ಆಕೆ ನೆಲ ನೋಡ್ತಾ ನಿಂತಿರೋರು. ಆ ಹೊತ್ತಿನಲ್ಲಿ ನನಗೆ ನನ್ನ ತಂಗಿ ನೆನಪಾಗೋಳು.”

ಟ್ರಯಲ್ ರೂಮ್ ಇರಲಿಲ್ಲ. ಗಂಡಸರು ಮಾರುವ ಅಂಗಡಿಯೊಳಗೆ ಹೆಂಗಸು ಬಟ್ಟೆ ಬಿಚ್ಚುವಂತಿರಲಿಲ್ಲ. ದುಡ್ಡು ಕೊಟ್ಟು ಕೊಂಡು, ಮಾಲ್‌ನ ಶೌಚಾಲಯಕ್ಕೆ ಹೋಗಿ ಹಾಕಿ ನೋಡಿ, ಆಗದಿದ್ದರೆ ಮತ್ತೆ ಬಂದು ಅದೇ ಮನುಷ್ಯನ ಕೈಗೆ ಕೊಟ್ಟು ಬೇರೆ ಕೇಳಬೇಕು. ಆಪಾ ಒಂದೇ ಸಲ ಹಾಗೆ ಮಾಡಿದರಂತೆ. “ಎರಡನೇ ಸಲ ಹೋಗೋ ಬದಲು ಬಿಗಿಯಾದದ್ದನ್ನೇ ಹಾಕ್ಕೊಂಡೆ. ಆಮೇಲೆ ನಿಮಗೆ ಹೇಳಿ ಊರಿಂದ ತರಿಸಿಕೊಂಡೆ” ಎಂದರು. ಪೊಟ್ಟಣದ ತಳದ ಆ ಡಜನ್ನಿನ ಗುಟ್ಟು ನನಗೆ ತಿಳಿದದ್ದು ಆಗ, ಭಟ್ಕಳದ ಚಾಚಾನ ಅತ್ತರಿನಂಗಡಿಯಲ್ಲಿ.

ಇದು ಬದಲಾದ ಕತೆಯನ್ನು ಕನ್ನಡದ ಓದುಗರಿಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಅದು ಮೇಲಿನಿಂದ ತಾನಾಗಿ ಇಳಿದುಬಂದ ಉಡುಗೊರೆಯಲ್ಲ. ಹೆಂಗಸರ ಒಳಉಡುಪಿನ ಅಂಗಡಿಗಳಲ್ಲಿ ಹೆಂಗಸರೇ ಇರಬೇಕು ಎಂಬ ಆದೇಶವನ್ನು ಕಾರ್ಮಿಕ ಸಚಿವಾಲಯ 2006ರ ಸುಮಾರಿಗೇ ಹೊರಡಿಸಿತ್ತು. ಆಗ ಸಚಿವರಾಗಿದ್ದವರು ಗಾಜಿ ಅಲ್-ಗುಸೈಬಿ. ಕವಿ, ಕಾದಂಬರಿಕಾರ, ರಾಯಭಾರಿಯಾಗಿದ್ದವರು. ಸೌದಿ ಯುವಕರು ಯಾವ ಕೆಲಸವನ್ನೂ ಕೀಳೆಂದು ತಿಳಿಯಬಾರದೆಂದು 2008ರಲ್ಲಿ ಇದೇ ಜಿದ್ದಾದ ಒಂದು ಬರ್ಗರ್ ಅಂಗಡಿಯಲ್ಲಿ ತಾವೇ ನಿಂತು ಗಿರಾಕಿಗಳಿಗೆ ಬಡಿಸಿದವರು. ಆದರೆ ಅಂಗಡಿಗಳಲ್ಲಿ ಹೆಂಗಸರು ಕೆಲಸಕ್ಕೆ ನಿಂತರೆ ಗಂಡು ಹೆಣ್ಣಿನ ಬೆರಕೆಯಾಗುತ್ತದೆ ಎಂದು ಸಂಪ್ರದಾಯವಾದಿಗಳು ಬಿಗಿಯಾಗಿ ವಿರೋಧಿಸಿದರು. ಆದೇಶ ಕಾಗದದಲ್ಲೇ ಉಳಿಯಿತು. ಅದು ಜಾರಿಗೆ ಬಂದದ್ದನ್ನು ನೋಡಲು ಅಲ್-ಗುಸೈಬಿ ಇರಲಿಲ್ಲ, 2010ರಲ್ಲಿ ತೀರಿಕೊಂಡರು.

ಅದನ್ನು ಮತ್ತೆ ಎತ್ತಿದವರು ಜಿದ್ದಾದ ದಾರ್ ಅಲ್-ಹಿಕ್ಮಾ ಕಾಲೇಜಿನಲ್ಲಿ ಹಣಕಾಸು ಪಾಠ ಮಾಡುತ್ತಿದ್ದ ರೀಮ್ ಅಸ್ಅದ್. ಫೇಸ್‌ಬುಕ್‌ನಲ್ಲಿ ಹೆಂಗಸರನ್ನು ಒಟ್ಟುಮಾಡಿ, ಗಂಡಸರು ಮಾರುವ ಒಳಉಡುಪಿನ ಅಂಗಡಿಗಳಿಗೆ ಯಾರೂ ಹೋಗಬೇಡಿ ಎಂದು 2009ರಲ್ಲಿ ಕರೆ ಕೊಟ್ಟರು. ಅವರ ವಾದ ಸರಳವಾಗಿತ್ತು. ಲಜ್ಜೆ ನಮ್ಮ ಧರ್ಮದ ಮಾತು ಎಂದರೆ, ನನ್ನ ಒಳಉಡುಪಿನ ಅಳತೆಯನ್ನು ಪರಗಂಡಸಿಗೆ ಹೇಳುವುದು ಯಾವ ಲಜ್ಜೆ? ಜತೆಗೆ ಅರ್ಥಶಾಸ್ತ್ರದ ಲೆಕ್ಕವೂ ಇತ್ತು: ಓದಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳಿಗೆ ಇದಕ್ಕಿಂತ ಸಹಜವಾದ ಕೆಲಸ ಬೇರೇನಿದೆ?

2011ರ ಬೇಸಗೆಯಲ್ಲಿ ಅಬ್ದುಲ್ಲಾ ದೊರೆಯ ಆಜ್ಞೆ ಬಂತು. ಸಚಿವ ಆದಿಲ್ ಫಕೀಹ್ ಅಂಗಡಿಗಳಿಗೆ ಆರು ತಿಂಗಳ ಗಡುವು ಕೊಟ್ಟರು. ದೇಶದ ಮುಫ್ತಿಯವರು ಬಹಿರಂಗವಾಗಿಯೇ ವಿರೋಧಿಸಿದರು. ಆದರೂ 2012ರ ಜನವರಿ ಮೊದಲ ವಾರದಲ್ಲಿ ನಿಯಮ ಜಾರಿಯಾಯಿತು. ಆ ವರ್ಷದ ನಡುವಿಗೆ ಸೌಂದರ್ಯ ಸಾಧನಗಳ ಅಂಗಡಿಗಳಿಗೂ ಹಬ್ಬಿತು. ಜನವರಿಯಲ್ಲಿ ನಿಯಮ ಜಾರಿಯಾಗುವ ಹೊತ್ತಿಗಾಗಲೇ 28,000ಕ್ಕೂ ಹೆಚ್ಚು ಹೆಂಗಸರು ಕೆಲಸಕ್ಕೆ ಅರ್ಜಿ ಹಾಕಿದ್ದಾರೆ ಎಂದು ಸಚಿವಾಲಯ ಹೇಳಿತ್ತು. ಈ ಅಂಕಿ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಬಾಗಿಲು ತೆರೆಯುವ ಮುಂಚೆಯೇ ಅಷ್ಟು ಜನ ಬಾಗಿಲಲ್ಲಿ ನಿಂತಿದ್ದರು.

ಕೆಲಸ ಕಳೆದುಕೊಂಡ ಗಂಡಸರನ್ನೂ ಮರೆಯಬಾರದು. ಚಾಚಾನ ಜತೆಗಿದ್ದ ಆರು ಜನರಲ್ಲಿ ನಾಲ್ವರು ಊರಿಗೆ ವಾಪಸಾದರಂತೆ. ಮಕ್ಕಳ ಬಟ್ಟೆಯ ವಿಭಾಗಕ್ಕೆ ಹಾಕಿದ್ದರಿಂದ ಚಾಚಾ ಉಳಿದುಕೊಂಡರು, ಆಮೇಲೆ ಅತ್ತರಿಗೆ ಬಂದರು. ಬೇಜಾರಾಗಲಿಲ್ಲವೇ ಎಂದು ಕೇಳಿದೆ. “ಹೊಟ್ಟೆ ಪ್ರಶ್ನೆ, ಬೇಜಾರು ಆಗದೆ ಇರುತ್ತಾ? ಆದರೆ ಮಗಳೇ, ಆ ಕೆಲಸ ಅವರದೇ. ಇಷ್ಟು ದಿನ ನಾವು ಮಾಡಿದ್ದೇ ತಪ್ಪು” ಎಂದು ಹೇಳಿ, ಆಪಾನ ಸೀಸೆಗೆ ಎರಡು ಹನಿ ಹೆಚ್ಚೇ ಹಾಕಿಕೊಟ್ಟರು.

ಮಗ್ರಿಬ್ ನಮಾಜು ಮುಗಿಸಿ ಉತ್ತರ ಜಿದ್ದಾದ ಒಂದು ದೊಡ್ಡ ಮಾಲ್‌ಗೆ ಹೊರಟೆವು. ಕಾರು ನಡೆಸಿದ್ದು ಆಪಾ. 2018ರ ಜೂನ್ 24ರಿಂದ ಇಲ್ಲಿ ಹೆಂಗಸರು ಕಾರು ಓಡಿಸಬಹುದು. ಆಪಾ ಮರುವರ್ಷವೇ ಲೈಸೆನ್ಸ್ ಮಾಡಿಸಿದರು. ಆಪಾನ ಗಂಡ ದುಲ್ಹಾಭಾಯಿ ಮನೆಯಲ್ಲಿ ಮಕ್ಕಳ ಜತೆ ಉಳಿದರು. “ಮೊದಲು ಅವರು ಇಲ್ಲದೆ ನಾನು ಪೇಟೆಗೆ ಬರೋ ಹಾಗಿರಲಿಲ್ಲ, ಬಂದರೆ ಅವರನ್ನ ಆ ಅಂಗಡಿ ಬಾಗಿಲಲ್ಲಿ ನಿಲ್ಲಿಸಬೇಕಿತ್ತು” ಎಂದು ಸಿಗ್ನಲ್ಲಿನಲ್ಲಿ ಆಪಾ ಹೇಳಿದರು.

ಮಾಲ್‌ನಲ್ಲಿ ಅಬಾಯಾಗಳ ಬಣ್ಣ ನೋಡಿ ನನಗೆ ಆಶ್ಚರ್ಯ. ಕಪ್ಪಿನ ಜತೆಗೆ ಬೂದಿ, ಮರಳು, ತಿಳಿನೀಲಿ. ಹೆಂಗಸರು ಮರ್ಯಾದೆಯ ಉಡುಪು ತೊಡಬೇಕು, ಅದು ಕಪ್ಪು ಅಬಾಯಾವೇ ಆಗಬೇಕೆಂದಿಲ್ಲ ಎಂದು 2018ರಲ್ಲಿ ಯುವರಾಜರು ಹೇಳಿದ ಮೇಲೆ ಈ ಬಣ್ಣಗಳು ಹೆಚ್ಚಾದವಂತೆ. ಮುಖ ಮುಚ್ಚಿದವರು, ತಲೆ ಮಾತ್ರ ಹೊದ್ದವರು, ತಲೆ ಹೊದೆಯದೆ ಅಬಾಯಾ ತೊಟ್ಟವರು, ಎಲ್ಲರೂ ಅದೇ ಎಸ್ಕಲೇಟರಿನಲ್ಲಿ.

ನಾವು ಹೊಕ್ಕ ಅಂಗಡಿಯ ಮುಂಗಾಜಿಗೆ ಆಳೆತ್ತರದವರೆಗೆ ಹಾಲುಬಣ್ಣದ ಹಾಳೆ ಅಂಟಿಸಿತ್ತು. ಹೊರಗಿನಿಂದ ಬೆಳಕು ಕಾಣುತ್ತದೆ, ಆಕಾರ ಕಾಣುವುದಿಲ್ಲ. ಬಲದ್‌ನ ರೋಶನ್ ನೋಡಿ ಬಂದ ಕಣ್ಣಿಗೆ ಅದರ ಕೆಲಸ ತಟ್ಟನೆ ತಿಳಿಯಿತು. ಬಾಗಿಲು ದಾಟಿದರೆ ತಲೆಯಿಲ್ಲದ ಗೊಂಬೆಗಳು, ಅವುಗಳ ಮೇಲೆ ರೇಷ್ಮೆಯಂಥ ರಾತ್ರಿಯುಡುಪು. ಒಳಗೆ ಒಬ್ಬನೇ ಒಬ್ಬ ಗಂಡಸಿಲ್ಲ.

ಒಳಗಿದ್ದವರು ಹೇಗಿದ್ದರು ಎಂಬುದನ್ನು ಹೇಳಬೇಕು. ಒಬ್ಬ ತಾಯಿ, ಮದುವೆ ಗೊತ್ತಾಗಿರುವ ಮಗಳು. ತಾಯಿ ನಿಖಾಬನ್ನು ತಲೆಯ ಮೇಲಕ್ಕೆ ಎತ್ತಿಕೊಂಡು, ಕಡುಗೆಂಪು ನಿಲುವಂಗಿಯೊಂದನ್ನು ಮಗಳ ಅಬಾಯಾದ ಮೇಲೆ ಹಿಡಿದು ನೋಡುತ್ತಿದ್ದರು. ಮಗಳು ಬೇಡಬೇಡ ಎನ್ನುತ್ತ ನಗುತ್ತಿದ್ದಳು. ಮಾರುವವಳು ಅದೇ ನಮೂನೆಯ ತಿಳಿಗುಲಾಬಿ ತಂದು ಕೊಟ್ಟಳು. ತಾಯಿ ಎರಡನ್ನೂ ಬುಟ್ಟಿಗೆ ಹಾಕಿದರು. ಮುಚ್ಚಿದ ಬಟ್ಟೆ ತೊಡುವ ಹೆಂಗಸಿಗೆ ಒಳಗಿನ ಬಟ್ಟೆಯ ಆಸೆ ಇರುವುದಿಲ್ಲ ಎಂದು ಹೊರಗಿನವರು ತಿಳಿದಿರುತ್ತಾರೆ. ನನ್ನನ್ನೇ ಎಷ್ಟೋ ಗೆಳತಿಯರು ಕೇಳಿದ್ದಾರೆ. ಬುರ್ಖಾ ಎನ್ನುವುದು ಬೀದಿಯ ಬಟ್ಟೆ. ಮನೆಯೊಳಗೆ, ಹೆಂಗಸರ ಮದುವೆಮನೆಯಲ್ಲಿ, ಗಂಡನ ಮುಂದೆ ನಮಗೆ ಬಣ್ಣವೂ ಬೇಕು, ಜರಿಯೂ ಬೇಕು, ಲೇಸೂ ಬೇಕು. ಡಮಾಸ್ಕಸ್‌ನ ಹಮೀದಿಯಾ ಪೇಟೆಯಲ್ಲಿ ಮದುಮಗಳಿಗೆಂದು ಗರಿ, ದೀಪ, ಹಕ್ಕಿ ಗೊಂಬೆ ಎಲ್ಲ ಅಂಟಿಸಿದ ಒಳಉಡುಪು ಮಾರುತ್ತಾರೆ. ಅದರ ಬಗ್ಗೆ ಮಲು ಹಲಾಸಾ ಮತ್ತು ರಾನಾ ಸಲಾಂ 2008ರಲ್ಲಿ ಒಂದು ಪುಸ್ತಕವನ್ನೇ ತಂದಿದ್ದಾರೆ. ಅಲ್ಲಿ ಮಾರುವವರು ಗಂಡಸರೇ, ಕೊಳ್ಳಲು ಇಡೀ ಕುಟುಂಬ ಬರುತ್ತದೆ. ಒಂದೊಂದು ಊರಿನ ನಾಚಿಕೆಯ ಗೆರೆ ಒಂದೊಂದು ಕಡೆ. ಆದರೆ ಕೊಳ್ಳುವವಳ ಗೆರೆ ಎಲ್ಲಿದೆ ಎಂದು ಅವಳನ್ನೇ ಕೇಳಬೇಕಲ್ಲವೇ?

ಕುರ್‌ಆನಿನ ನೂರ್ ಅಧ್ಯಾಯದ 31ನೇ ವಚನದಲ್ಲಿ ಹೆಣ್ಣು ಯಾರ ಮುಂದೆ ತನ್ನ ಅಲಂಕಾರ ಮರೆಸಬೇಕಾಗಿಲ್ಲ ಎಂಬುದರ ಪಟ್ಟಿಯೇ ಇದೆ. ಗಂಡ, ತಂದೆ, ಮಾವ, ಮಕ್ಕಳು, ಸಹೋದರರು. ಆ ಪಟ್ಟಿಯಲ್ಲಿ ಹೆಂಗಸರೂ ಇದ್ದಾರೆ. ಅಂಗಡಿಯವನು ಇಲ್ಲ. ಚಿಕ್ಕಂದಿನಿಂದ ಓದಿಕೊಂಡು ಬಂದ ವಚನ. ಬಟ್ಟೆ ಅಂಗಡಿಯಲ್ಲಿ ನಿಂತಾಗ ಅದು ಮೊದಲ ಸಲ ನನ್ನ ಪರವಾಗಿ ಮಾತಾಡಿದಂತೆ ಕೇಳಿಸಿತು.

“ತಫದ್ದಲಿ”, ಬನ್ನಿ, ಎಂದು ನಮ್ಮ ಹತ್ತಿರ ಬಂದವಳಿಗೆ ಮೂವತ್ತೈದರ ಆಸುಪಾಸು. ಕಪ್ಪು ಅಬಾಯಾ, ಎದೆಯ ಮೇಲೆ ಹೆಸರಿನ ಬಿಲ್ಲೆ, ಕೊರಳಿಗೆ ಹಳದಿ ಟೇಪು. ನಮ್ಮೂರಿನ ಟೈಲರ್ ಕೊರಳಲ್ಲಿ ಇರುವಂಥದೇ. ಆಪಾ ಅರಬ್ಬಿಯಲ್ಲಿ ಏನೋ ಹೇಳಿದರು. ಅವಳು ನನ್ನ ಸೈಜ್ ಕೇಳಿದಳು. ಮೂವತ್ತಾರು ಎಂದೆ. ಯಾರು ಅಳೆದರು ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಗಾಂಧಿ ಬಜಾರಿನ ಆ ನೋಟದ ನಂತರ ಯಾರೂ ಅಳೆದಿರಲಿಲ್ಲ. ವಯಸ್ಸಾದಂತೆ ನಂಬರನ್ನು ನಾನೇ ಒಂದೊಂದು ಮೆಟ್ಟಿಲು ಏರಿಸಿಕೊಂಡು ಬಂದಿದ್ದೆ.

ಒಳಗೆ ಮೂರು ಕೋಣೆಗಳು, ಗುರ್ಫತ್ ಅಲ್-ಖಿಯಾಸ್, ಅಂದರೆ ಅಳತೆಯ ಕೋಣೆ. ಬಾಗಿಲು ನೆಲದಿಂದ ಚಾವಣಿಯವರೆಗೆ. ಒಳಗಿನಿಂದ ಚಿಲಕ. ಗೋಡೆಗೆ ಎರಡು ಕೊಕ್ಕೆ: ಒಂದು ಅಬಾಯಾಕ್ಕೆ, ಇನ್ನೊಂದು ಕುರ್ತಾಕ್ಕೆ. ಒಂದು ಸ್ಟೂಲು. ನಾನು ಬುರ್ಖಾ ಬಿಚ್ಚಿ ತೂಗುಹಾಕಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ಎಳೆದು ನೋಡಿದೆ. ಆಮೇಲೆ ಮೆಲ್ಲಗೆ ಬಾಗಿಲು ತಟ್ಟಿ ಅವಳು ಬಂದಳು. ಮುಟ್ಟುವ ಮುಂಚೆ ಅನುಮತಿ ಕೇಳಿದಳು. ತೆಳು ಒಳಅಂಗಿಯ ಮೇಲೆಯೇ ಟೇಪು ಹಿಡಿದಳು. ಮೊದಲು ಎದೆಯ ಕೆಳಗೆ ಬಿಗಿಯಾಗಿ: 75 ಸೆಂಟಿಮೀಟರ್. ಆಮೇಲೆ ತುಂಬಿದ ಭಾಗದ ಮೇಲೆ ಸಡಿಲವಾಗಿ: 94. ಎರಡರ ನಡುವಿನ ಅಂತರದಿಂದ ಕಪ್‌ನ ಅಕ್ಷರ ಗೊತ್ತಾಗುತ್ತದೆ, ಕೆಳಗಿನ ಅಳತೆಯಿಂದ ಪಟ್ಟಿಯ ನಂಬರ್. ಇಲ್ಲಿಯ 75 ಎಂದರೆ ನಮ್ಮಲ್ಲಿಯ 34. ಪಟ್ಟಿ ನನಗೆ ಒಂದು ಸೈಜ್ ದೊಡ್ಡದಿತ್ತು, ಕಪ್ ಎರಡು ಅಕ್ಷರ ಚಿಕ್ಕದಿತ್ತು. ನನ್ನ ಹೆಗಲಿನ ಮೇಲಿನ ಎರಡು ಕುಳಿಗಳನ್ನು ತೋರಿಸಿ ಅವಳು ಬಾಗಿಲಾಚೆಗಿದ್ದ ಆಪಾಗೆ ಒಳಗಿನಿಂದಲೇ ಹೇಳಿದಳು. ಆಪಾ ಅನುವಾದಿಸಿದರು: “ಭಾರ ಹೊರಬೇಕಾದ್ದು ಕೆಳಗಿನ ಪಟ್ಟಿ. ಅದು ಸಡಿಲ ಇದ್ದಿದ್ದಕ್ಕೆ ಎಲ್ಲ ಹೆಗಲಿಗೆ ಬಿದ್ದಿದೆ ಅಂತಿದ್ದಾಳೆ.”

ಆ ಕುಳಿಗಳು ವಯಸ್ಸಿನದ್ದು, ಮೂರು ಹೆರಿಗೆಯದ್ದು ಎಂದು ನಾನು ತಿಳಿದುಕೊಂಡಿದ್ದೆ. ಸಂಜೆಯಾದರೆ ಕತ್ತು ಹಿಡಿದುಕೊಳ್ಳುತ್ತಿದ್ದುದಕ್ಕೆ ಎಷ್ಟು ಸಲ ಎಣ್ಣೆ ತಿಕ್ಕಿಸಿಕೊಂಡಿದ್ದೇನೋ.

ಅವಳು ತಂದುಕೊಟ್ಟದ್ದನ್ನು ಹಾಕಿಕೊಂಡೆ. ಹೊಸತರಲ್ಲಿ ಕೊನೆಯ ಕೊಂಡಿಗೇ ಸಿಕ್ಕಿಸಬೇಕು, ಎಲಾಸ್ಟಿಕ್ ಸಡಿಲವಾದಂತೆ ಒಳಗಿನ ಕೊಂಡಿಗೆ ಬರಬೇಕು ಎಂದು ಕಲಿಸಿಕೊಟ್ಟಳು. ಕೈ ಮೇಲೆತ್ತಿಸಿದಳು, ಬಾಗಿಸಿದಳು, ಉಸಿರು ತೆಗೆದುಕೊಳ್ಳಲು ಹೇಳಿದಳು. ಎಲ್ಲೂ ಕಚ್ಚಲಿಲ್ಲ, ಎಲ್ಲೂ ಜಾರಲಿಲ್ಲ. ಆ ಕೋಣೆಯಲ್ಲಿ ನನಗೆ ಕಣ್ಣು ತುಂಬಿತು. ನಲವತ್ತಮೂರನೇ ವಯಸ್ಸಿನಲ್ಲಿ ಒಂದು ಬ್ರಾ ಸರಿಹೊಂದಿದ್ದಕ್ಕೆ ಅಳು ಬಂತೇ ಎಂದು ಯಾರಾದರೂ ಕೇಳಿದರೆ, ಹೌದು, ಬಂತು. ಮೂವತ್ತು ವರ್ಷ ನನ್ನ ಮೈಗೆ ಏನು ಬೇಕು ಎಂದು ಬಾಯಿಬಿಟ್ಟು ಕೇಳುವ ಜಾಗವೇ ನನಗೆ ಸಿಕ್ಕಿರಲಿಲ್ಲ.

ಬಿಲ್ ಆಗುವಷ್ಟರಲ್ಲಿ ಅವಳ ಜತೆ ಮಾತಾಡಿದೆವು. ಜಿದ್ದಾದವಳೇ. ಗಂಡ ಬಿಟ್ಟ ಮೇಲೆ 2013ರಲ್ಲಿ ಕೆಲಸಕ್ಕೆ ಸೇರಿದ್ದು. ಅಂಗಡಿಯಲ್ಲಿ ನಿಲ್ಲುತ್ತಾಳೆಂದು ಅಣ್ಣ ಒಂದು ವರ್ಷ ಮಾತು ಬಿಟ್ಟಿದ್ದ. ಮೊದಲ ಸಂಬಳ 3,000 ರಿಯಾಲ್, ಅದರಲ್ಲಿ 1,000 ದಿನಾ ಕರೆದುಕೊಂಡು ಬಂದು ಬಿಡುವ ಡ್ರೈವರಿಗೆ. ಮಾಲ್‌ನಲ್ಲಿ ಹುಡುಗರ ಗುಂಪು ಬಾಗಿಲಲ್ಲಿ ನಿಂತು ಕೂಗಿದ ದಿನಗಳಿದ್ದವು. ರಾತ್ರಿ ಹನ್ನೊಂದರವರೆಗೆ ನಿಂತೇ ಇರಬೇಕು, ಕಾಲು ಊದುತ್ತದೆ; ಅದು ಈಗಲೂ ಹಾಗೇ ಇದೆ. ಆದರೆ ಈಗ ಮೂವರ ಮೇಲೆ ಸೂಪರ್‌ವೈಸರ್, ತನ್ನದೇ ಸಣ್ಣ ಕಾರು, ಮಗಳು ಕಾಲೇಜಿನಲ್ಲಿ. ಸೌದಿಯ ಹೆಂಗಸರಲ್ಲಿ ನೂರಕ್ಕೆ ಮೂವತ್ತು ಜನ ದುಡಿಮೆಗೆ ಬರಬೇಕು ಎಂದು ಸರಕಾರ 2030ಕ್ಕೆ ಗುರಿ ಇಟ್ಟಿತ್ತು. ಆ ಗುರಿಯನ್ನು ಎಷ್ಟೋ ವರ್ಷ ಮುಂಚೆಯೇ ದಾಟಿ ಆಗಿದೆ. ಅಂಗಡಿ ಕೆಲಸದ ಬಾಗಿಲನ್ನು ಮೊದಲು ತೆರೆದದ್ದು ಈ ಒಳಉಡುಪಿನ ಅಂಗಡಿಗಳು ಎಂದು ಅವಳು ಎದೆಯೆತ್ತಿ ಹೇಳಿದಳು. ಹಾಗೆ ಹೇಳುವ ಹಕ್ಕು ಅವಳಿಗಿದೆ.

ಮೂರಕ್ಕೆ 210 ರಿಯಾಲ್, 15 ಪರ್ಸೆಂಟ್ ತೆರಿಗೆ ಸೇರಿ. ನಮ್ಮ ಲೆಕ್ಕದಲ್ಲಿ ದುಬಾರಿಯೇ. ಕೊಟ್ಟೆ.

ಅಜೀಜಿಯಾಕ್ಕೆ ವಾಪಸಾಗುವಾಗ ನನ್ನ ತಲೆ ತುಂಬ ಊರು. ತೀರಿಕೊಂಡ ಖಾಲಾ, ಅಮ್ಮಿಯ ಸಹೋದರಿ, ನೆನಪಾದರು. ಸ್ತನದ ಕ್ಯಾನ್ಸರಿಗೆ ಒಂದು ಕಡೆ ಪೂರ್ತಿ ತೆಗೆಸಿಕೊಂಡಿದ್ದರು. ಹಾಗೆ ಆಪರೇಶನ್ ಆದವರಿಗೆಂದೇ ಒಳಗೆ ಜೇಬಿರುವ ಬ್ರಾ ಬರುತ್ತದೆ, ಆ ಜೇಬಿಗೆ ಸಿಲಿಕಾನಿನ ದಿಂಬು ಇಡುತ್ತಾರೆ. ಅದನ್ನು ಕೌಂಟರಿನ ಗಂಡಸಿನ ಹತ್ತಿರ ಹೇಗೆ ಕೇಳುವುದೆಂದು ಖಾಲಾ ಕೊನೆಯವರೆಗೂ ಹತ್ತಿ ಸುರುಳಿ ಸುತ್ತಿ ಇಟ್ಟುಕೊಂಡರು. ಅದು ಜಾರುತ್ತಿತ್ತು. ಅದಕ್ಕೇ ಯಾವ ಮದುವೆಗೂ ಬರುತ್ತಿರಲಿಲ್ಲ. ಖಾಲಾ ಬುರ್ಖಾದೊಳಗಿದ್ದರು, ಯಾರಿಗೂ ಏನೂ ಕಾಣುತ್ತಿರಲಿಲ್ಲ. ಅವರಿಗೆ ಮಾತ್ರ ಗೊತ್ತಾಗುತ್ತಿತ್ತು.

2022ರಲ್ಲಿ ನಮ್ಮ ರಾಜ್ಯದಲ್ಲಿ ನಮ್ಮ ತಲೆಯ ಮೇಲಿನ ಬಟ್ಟೆಯ ಬಗ್ಗೆ ಆದೇಶ ಬಂತು, ಹೈಕೋರ್ಟಿನ ತೀರ್ಪು ಬಂತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಬರೆದರು. ಟಿವಿಯಲ್ಲಿ ತಿಂಗಳುಗಟ್ಟಲೆ ಚರ್ಚೆ. ಅಷ್ಟು ಮಾತಿನ ನಡುವೆ, ನಿಮಗೆ ಬಟ್ಟೆ ಕೊಳ್ಳುವಾಗ ಏನು ಕಷ್ಟವಾಗುತ್ತದೆ ಎಂದು ಒಬ್ಬರೂ ನಮ್ಮನ್ನು ಕೇಳಲಿಲ್ಲ. ನಮ್ಮ ಮಸೀದಿಯ ಹಿರಿಯರೂ ಕೇಳಲಿಲ್ಲ. ಹೊದೆಯುವುದರ ಬಗ್ಗೆ ನಮಗೆ ಬೇಕಾದಷ್ಟು ಬೋಧನೆ ಸಿಕ್ಕಿದೆ. ಹೊದಿಕೆಯೊಳಗಿನ ಮೈಯ ಸುಖದುಃಖದ ಬಗ್ಗೆ ಒಂದು ಮಾತೂ ಸಿಕ್ಕಿಲ್ಲ.

ಇದು ಮುಸ್ಲಿಂ ಹೆಂಗಸರ ಕಷ್ಟ ಮಾತ್ರ ಎಂದೂ ನಾನು ಹೇಳುವುದಿಲ್ಲ. ನನ್ನ ಜತೆ ಕೆಲಸ ಮಾಡುವ ಶಾಂತಕ್ಕ, ಸೀರೆಯುಟ್ಟು ದೊಡ್ಡ ಕುಂಕುಮ ಇಡುವವರು, ಇವತ್ತಿಗೂ ಅಂಗಡಿಗೆ ಹೋಗಿ “ಹೋದ ಸಲದ್ದೇ ಕೊಡಿ” ಎಂದು ಪಿಸುಗುಟ್ಟಿ ಬರುತ್ತಾರೆ. ಬೆಂಗಳೂರು, ಮಂಗಳೂರಿನ ಮಾಲ್‌ಗಳಲ್ಲಿ ಈಗ ಹುಡುಗಿಯರು ಮಾರುತ್ತಾರೆ, ಟ್ರಯಲ್ ರೂಮೂ ಇದೆ. ಮೊಬೈಲಿನಲ್ಲಿ ತರಿಸಿಕೊಳ್ಳುವವರೂ ಹೆಚ್ಚಿದ್ದಾರೆ. ಆದರೆ ಮೊಬೈಲು ಅಳತೆ ಹಿಡಿಯುವುದಿಲ್ಲ, ಹೆಗಲಿನ ಕುಳಿ ನೋಡುವುದಿಲ್ಲ. ಶಿವಮೊಗ್ಗ, ಹಾಸನ, ಹಾವೇರಿ, ರಾಯಚೂರಿನಂಥ ಊರುಗಳ ಸಾಮಾನ್ಯ ಅಂಗಡಿಗೆ ಹೋಗುವ ಹೆಂಗಸಿಗೆ ಇವತ್ತಿಗೂ ಹಳೆ ಪೇಪರಿನ ಪೊಟ್ಟಣವೇ ಗತಿ.

ಹಾಗಾಗಿ ನಮ್ಮೂರುಗಳ ಬಟ್ಟೆ ಅಂಗಡಿಯ ಮಾಲೀಕರಲ್ಲಿ ಈ ಸಂಜೆಯ ಲೆಕ್ಕದಿಂದ ನಾನು ಕೇಳಿಕೊಳ್ಳುವುದು ಇಷ್ಟು. ದೊರೆಯ ಆಜ್ಞೆಗೆ ಕಾಯಬೇಡಿ. ಆ ಕೌಂಟರಿಗೆ ಒಬ್ಬ ಹೆಣ್ಣುಮಗಳನ್ನು ನೇಮಿಸಿ, ಅವಳಿಗೆ ಅಳತೆ ಹಿಡಿಯುವುದನ್ನು ಕಲಿಸಿ, ಕೂರಲು ಒಂದು ಸ್ಟೂಲು ಕೊಡಿ. ಹಿಂಬದಿಯ ದಾಸ್ತಾನು ಕೋಣೆಯ ಒಂದು ಮೂಲೆಯಾದರೂ ಸರಿ, ನೆಲದವರೆಗೆ ಬರುವ ಬಾಗಿಲು, ಒಳಗಿನಿಂದ ಚಿಲಕ, ಗೋಡೆಗೆ ಎರಡು ಕೊಕ್ಕೆ ಹಾಕಿಸಿ. ಹೆಣ್ಣುಮಕ್ಕಳನ್ನು ಮೊದಲ ಸಲ ಅಂಗಡಿಗೆ ಕರೆದುಕೊಂಡು ಹೋಗುವ ತಾಯಂದಿರು ಅಂಥ ಅಂಗಡಿ ಎಲ್ಲಿದೆ ಎಂದು ಕೇಳಿಕೊಂಡು ಹೋಗಿ. ನನ್ನ ಮಗಳಿಗೆ ಈಗ ಹನ್ನೆರಡು. ಬರುವ ವರ್ಷ ನಾನೂ ಹುಡುಕಿಕೊಂಡು ಹೊರಡಬೇಕು.